ಸೋರೆಬಳ್ಳಿ ಹೊದ್ದ ಗಾಡಿ

ಬಿಸಿಲಲ್ಲಿ ನಿಂತ ಆ ತಗಡಿನ ಗಾಡಿಯ ಬಾಗಿಲು ತೆರೆದ ಕೂಡಲೇ ಮುಖಕ್ಕೆ ಬಡಿಯುತ್ತಿದ್ದ ವಾಸನೆ ನನಗೆ ಚೆನ್ನಾಗಿ ನೆನಪಿದೆ: ಪ್ಲೈವುಡ್ಡಿನ ಅಂಟು, ಹೊಸ ಫೋಮಿನ ಹಾಸಿಗೆ, ಇನ್ನೂ ಪೂರ್ತಿ ಆರದ ಬಣ್ಣ. ಉಳಿದದ್ದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ಆ ಬೇಸಿಗೆಯ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ನುಣುಪಾದದ್ದನ್ನು ಕಂಡರೆ ಈಗ ನನಗೆ ಅನುಮಾನ. ಹಾಗಾಗಿ ಕೈಗೆ ಇನ್ನೂ ಒರಟಾಗಿ ತಾಕುವುದನ್ನಷ್ಟೇ ಬರೆಯಲು ನೋಡುತ್ತೇನೆ.

ಗಾಡಿ ಎಂದರೆ ಟ್ರೈಲರ್. ಜೀಪಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವಂಥದ್ದು. ಎರಡು ಚಕ್ರ, ಒಳಗೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಜಾಗ, ಮೂಲೆಯಲ್ಲಿ ಸ್ಟೌ ಇಡಲು ಒಂದು ಹಲಗೆ. ಉರಿಗಾಂನ ಒಬ್ಬ ವೆಲ್ಡರ್ ಅದನ್ನು ಮಾಡಿಕೊಟ್ಟಿದ್ದ. ಚಿನ್ನದ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ತಗಡಿನ ಸೂರಿನ ಕೆಳಗೆ ಬದುಕುವುದರಲ್ಲಿ ದೂರುವಂಥದ್ದು ಏನಿದೆ ಎಂಬುದೇ ಅವನಿಗೆ ಅರ್ಥವಾಗುತ್ತಿರಲಿಲ್ಲ. ಕಿಟಕಿಗಳನ್ನು ಕಳ್ಳರಿಗೆ ಹೆದರಿ ಅಂಗೈ ಅಗಲ ಮಾಡಿದ್ದ. ಸೂರಿಗೆ ಕಡುಗೆಂಪು ಬಣ್ಣ ಬಳಿದಿದ್ದ, ಅಂಗಡಿಯಲ್ಲಿ ಉಳಿದಿದ್ದದ್ದು ಅದೇ ಅಂತೆ.

ನಾನು ಬಂಗಾರಪೇಟೆಯಲ್ಲಿರುವವಳು. ನೌಕರಿಯ ಅಷ್ಟೂ ಕಾಲ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿಯ ರೈಲಿಗೆ ವಾಪಸಾದವಳು. ಆ ನೌಕರಿ ಮುಗಿದ ಮೇಲೆ, ಯಾರ ವೇಳಾಪಟ್ಟಿಗೂ ಸೇರದ ಒಂದು ವಾಹನ ಬೇಕು ಎಂಬ ಹುಚ್ಚು ಹತ್ತಿತು. ಆದರೆ ಗಾಡಿ ಮಾಡಿಸಲು ನಿಜವಾದ ಕಾರಣ ಅಕ್ಕ.

ಅಕ್ಕ ಬೂದಿಕೋಟೆ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಮದುವೆಯಾಗಿ ಹೋದಂದಿನಿಂದ ಹಸು ಕರೆಯುತ್ತಿದ್ದಾಳೆ, ನಸುಕಿನಲ್ಲಿ ಒಂದು ಸಲ, ಸಂಜೆ ಒಂದು ಸಲ. ಹಾಲಿನ ಡೇರಿ ಯಾರಿಗೂ ಕಾಯುವುದಿಲ್ಲ. ಭಾವನಿಗೆ ಟೊಮೇಟೊ ತೋಟ ಗೊತ್ತು, ಬೋರ್‌ವೆಲ್ಲು ಗೊತ್ತು, ಹಸು ಮಾತ್ರ ಗೊತ್ತಿಲ್ಲ. ಅವನು ಹತ್ತಿರ ಹೋದರೆ ಒದೆಯುತ್ತದೆ. ಹೀಗಾಗಿ ನಮ್ಮಮ್ಮ ತೀರಿಕೊಂಡ ದಿನವೂ ಅಕ್ಕ ಸಂಜೆ ಹಾಲಿನ ಹೊತ್ತಿಗೆ ಬಸ್ಸು ಹತ್ತಿ ಹೋಗಿದ್ದಳು. ಒಂದೇ ಒಂದು ರಾತ್ರಿ ಕೊಟ್ಟಿಗೆ ಬಿಟ್ಟು ಬೇರೆ ಕಡೆ ಮಲಗಿದವಳಲ್ಲ.

ಮಂಡಿ ನೋವು ಶುರುವಾದ ಮೇಲೆ ಹಸುಗಳನ್ನು ಕಡಿಮೆ ಮಾಡುತ್ತ ಬಂದು ಒಂದೇ ಒಂದು ಕಪ್ಪು ಸೀಮೆಹಸು ಉಳಿಸಿಕೊಂಡಿದ್ದಳು. ಅದು ಆ ವರ್ಷ ತುಂಬಿದ ಗಬ್ಬ. ಕರು ಹಾಕುವ ಮೊದಲು ಎರಡು ತಿಂಗಳು ಹಸುವಿನ ಹಾಲು ಬತ್ತಿಸುತ್ತಾರೆ, ಕೆಚ್ಚಲಿಗೂ ಹೊಟ್ಟೆಯೊಳಗಿನ ಕರುವಿಗೂ ವಿಶ್ರಾಂತಿ ಸಿಗಲಿ ಎಂದು. ಕೊಟ್ಟಿಗೆಯಲ್ಲಿ ಹಲವು ಹಸು ಇದ್ದಾಗ ಒಂದು ಬತ್ತಿದರೆ ಇನ್ನೊಂದು ಕರೆಯುತ್ತಿತ್ತು. ಈಗ ಇದ್ದದ್ದೇ ಒಂದು, ಅದೂ ಬತ್ತಿತ್ತು. ಅಕ್ಕನ ಇಡೀ ಸಂಸಾರದಲ್ಲಿ ಮೊದಲ ಬಾರಿ ಕರೆಯಲು ಏನೂ ಇರಲಿಲ್ಲ.

ಆಗ ಅವಳೊಂದು ಮಾತು ಹೇಳಿದಳು. ನನ್ನ ಮನೆಯ ಜಗಲಿಯಲ್ಲೋ ಅವಳ ಕೊಟ್ಟಿಗೆಯ ಬಾಗಿಲಲ್ಲೋ, ಎರಡೂ ಚಿತ್ರಗಳು ನನ್ನ ಹತ್ತಿರ ಇವೆ, ಒಂದು ಸುಳ್ಳಿರಬೇಕು.

“ಒಂದಿನ ಬೆಳಕು ಹರಿಯಾಗಂಟ ಮಲ್ಗಬೇಕು ಕಣೆ. ಯಾರೂ ಎಬ್ಬುಸ್ಬಾರ್ದು. ಅಸು ಕೂಗೋದೂ ಕೇಳುಸ್ಬಾರ್ದು.”

ಸಮುದ್ರ ಎಂದವಳು ನಾನು. ಅವಳು ಕೇಳಿದ್ದು ನಿದ್ದೆಯನ್ನು ಮಾತ್ರ. ಹೋಗಬೇಕಾದರೆ ಎಲ್ಲಿಗಾದರೂ ಹೋಗಬೇಕಲ್ಲ ಎಂದು ಸಮುದ್ರವನ್ನು ನಾನು ಸೇರಿಸಿದೆ. ಲಾಡ್ಜಿಗೆ ಅವಳು ಒಪ್ಪಲಿಲ್ಲ. “ಆ ಆಸ್ಗೆ ಮೇಲೆ ಯಾರ್ಯಾರು ಒಳ್ಳಾಡಿರ್ತಾರೋ, ನಾ ಒಲ್ಲೆ.” ಆದ್ದರಿಂದ ಗಾಡಿ. ಹಸು ಬತ್ತಿದ್ದು ಸರಿಯಾಗಿ ಮಾರ್ಚ್ ತಿಂಗಳಲ್ಲಿ, ಆದ್ದರಿಂದ ಬಿಸಿಲು.

ಮೊದಲ ಸಲ ಗಾಡಿಯನ್ನು ಅವಳ ಮನೆಯ ಮುಂದೆ ನಿಲ್ಲಿಸಿದ್ದು ಮಟಮಟ ಮಧ್ಯಾಹ್ನ. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು, ಹಾಸಿಗೆ ಒತ್ತಿ ನೋಡಿದಳು, ಮಲಗಿದಳು. ಸ್ವಲ್ಪ ಹೊತ್ತಿಗೆ ಬಾಗಿಲು ಹಿಡಿದುಕೊಂಡು ಇಳಿದು, ಬೇಲಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ವಾಂತಿ ಮಾಡಿದಳು. ಅವಳಿಗೆ ಬಿಪಿ ಇದೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

ಭಾವ ಗಾಡಿಯ ತಗಡನ್ನು ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ. “ಮಡ್ಕೆ ಸುಡ್ಬೋದು ಇದ್ರಾಗೆ. ನಿಮ್ಮಕ್ಕನ್ನ ಸುಡಾಕೆ ತಂದಿದ್ದೀಯೇನಮ್ಮ?”

“ನೀ ಸುಮ್ಕಿರು,” ಎಂದು ಅಕ್ಕ ಬಾಯಿ ಮುಕ್ಕಳಿಸಿ ಉಗಿದಳು. ಆಮೇಲೆ ನನಗೆ ಹೇಳಿದಳು: “ಅಸೂಗೇ ಫ್ಯಾನ್ ಐತೆ. ನಿನ್ ಡಬ್ಬಕ್ಕೆ ಅದೂ ಇಲ್ವಲ್ಲೆ.”

ಅದು ನಿಜ. ಕೊಟ್ಟಿಗೆಯಲ್ಲಿ ಒಂದು ಫ್ಯಾನು ಕರಕರ ತಿರುಗುತ್ತಿತ್ತು. ಸೀಮೆಹಸುಗಳಿಗೆ ಬಿಸಿಲು ತಡೆಯುವುದಿಲ್ಲ.

“ಒಂದ್ ಮದ್ಯಾನ ಇದ್ರಾಗೆ ನಂಗೆ ನಿದ್ದೆ ಬಂದ್ರೆ ಬತ್ತೀನಿ,” ಎಂದಳು ಕೊನೆಗೆ. “ಬರ್ದಿದ್ರೆ ಇಲ್ಲ. ಆಮೇಕೆ ಕರು ಬಂದ್ಮೇಕೆ ಕೇಳ್ಬೇಡ.”

ನನ್ನ ಆ ಬೇಸಿಗೆ ಪೂರ್ತಿ ಆ ಒಂದು ಮಧ್ಯಾಹ್ನದ ನಿದ್ದೆಯ ಹಿಂದೆ ಓಡಿತು.

ವೆಲ್ಡರಿಗೆ ಫೋನ್ ಮಾಡಿದೆ. “ಎನ್ನಮ್ಮಾ, ಬಿಸಿಯಾ?” ಎಂದ ತನ್ನ ತಮಿಳು ಬೆರೆತ ಕನ್ನಡದಲ್ಲಿ, ಆಶ್ಚರ್ಯದಿಂದ. “ನಮ್ಮಪ್ಪ ಕೆಲಸ ಮಾಡಿದ ಗಣಿ ಒಳಗೆ ಇದಕ್ಕಿಂತ ಬಿಸಿ ಇತ್ತಂತೆ ಮಾ. ಅವರು ಏನೂ ಕಂಪ್ಲೇಂಟ್ ಮಾಡ್ಲಿಲ್ಲ.”

“ನಿಮ್ಮಪ್ಪ ಗಣಿಗೆ ನಿದ್ದೆ ಮಾಡೋಕೆ ಹೋಗ್ತಿದ್ರಾ?”

ಅವನು ನಕ್ಕ. “ಕರೆಕ್ಟ್ ಮಾ, ಕರೆಕ್ಟ್. ತಗೊಂಡು ಬನ್ನಿ, ಮೇಲೆ ಒಂದು ತೂತು ಹೊಡೆಯೋಣ.”

ಸೂರಿನಲ್ಲಿ ಒಂದು ಮುಚ್ಚಳದ ಕಿಂಡಿ, ನೆಲದ ಹತ್ತಿರ ಜಾಲರಿ ಹಾಕಿದ ಇನ್ನೊಂದು ಕಿಂಡಿ. ಕೆಂಪು ಸೂರಿಗೆ ಬಿಳಿ ಬಣ್ಣ. ಕಿಟಕಿಗಳನ್ನು ಅಗಲ ಮಾಡುವಾಗ ಅವನು ನಿಟ್ಟುಸಿರು ಬಿಟ್ಟ, ಯಾರದೋ ಮಗುವಿನ ಕಿವಿ ಕೊಯ್ಯುತ್ತಿರುವವನಂತೆ. ಒಳಗಡೆ ನಾನು ಥರ್ಮಾಕೋಲ್ ಹಲಗೆಗಳನ್ನು ಅಂಟಿಸಿದೆ. ಕಾರಿನ ಗಾಜಿಗೆ ಇಡುವ ಬೆಳ್ಳಿ ಹಾಳೆಯನ್ನು ಕಿಟಕಿಗಳಿಗೆ ಹೊರಗಿನಿಂದ ಕಟ್ಟಿದೆ. ಒಳಗಿನಿಂದ ಕಟ್ಟಿದರೆ ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ, ಅದು ಎರಡು ದಿನ ಬೆವರಿದ ಮೇಲೆ ತಿಳಿಯಿತು. ವಾಸನೆ ಹೋಗಲಿ ಎಂದು ಬಾಗಿಲು ತೆರೆದಿಟ್ಟು ಹಗಲೆಲ್ಲ ಕಾವಲು ಕೂತೆ. ಸ್ಟೌವನ್ನು ಹೊರಗಿಟ್ಟೆ. ಇಷ್ಟಾದರೂ ಮಧ್ಯಾಹ್ನ ಮೂರರ ಹೊತ್ತಿಗೆ ಒಳಗೆ ಕೂತರೆ ಯಾರೋ ಹೆಗಲ ಮೇಲೆ ಬಿಸಿ ಕೈ ಇಟ್ಟುಕೊಂಡು ನಿಂತಂತೆ ಇರುತ್ತಿತ್ತು.

ಭಾವ ತನ್ನದೂ ಒಂದು ಪ್ರಯೋಗ ಮಾಡಿದ. ತ್ರೀ ಫೇಸ್ ಕರೆಂಟ್ ಬಂದ ಹೊತ್ತು ನೋಡಿಕೊಂಡು ಬೋರ್‌ವೆಲ್ ಪೈಪಿನಿಂದ ಸೂರಿನ ಮೇಲೆ ನೀರು ಬಿಟ್ಟ. ತಗಡು ಚುಯ್ ಎಂದಿತು. ನಾವು ಮೂವರೂ ಒಳಗೆ ಹೋಗಿ ನಿಂತೆವು. ಆಹಾ ಎಂದೆವು. ಕರೆಂಟ್ ಹೋಯಿತು. ನೀರು ಆರುವಷ್ಟರಲ್ಲಿ ತಂಪೂ ಆರಿತು, ಕಿಂಡಿಯಿಂದ ಒಳಗೆ ಸೋರಿದ ನೀರಿನಿಂದ ಹಾಸಿಗೆಯ ಮೂಲೆ ಮುಗ್ಗಿತು.

“ಇನ್ನೊಂದ್ಸಲ ನೀರ್ ಬಿಟ್ರೆ ಪೈಪ್ ನಿನ್ ಕುತ್ಗೆಗೆ ಸುತ್ತೀನಿ,” ಎಂದಳು ಅಕ್ಕ ಗಂಡನಿಗೆ.

ಕೊನೆಗೆ ಉಪಯೋಗಕ್ಕೆ ಬಂದದ್ದು ಸಸಿ ಮಡಿಗೆ ಹೊದಿಸುವ ಹಸಿರು ನೆಟ್. ಮೊದಲು ಅದನ್ನು ಸೂರಿಗೇ ಅಂಟಿಕೊಂಡಂತೆ ಹೊದಿಸಿದೆವು, ಏನೂ ಆಗಲಿಲ್ಲ. ನೆಟ್ ಕಾದು ತಗಡೂ ಕಾಯಿತು. ಆಮೇಲೆ ಟೊಮೇಟೊ ಗಿಡಕ್ಕೆ ಆಸರೆ ಕೊಡುವ ನೀಲಗಿರಿ ಕಡ್ಡಿಗಳನ್ನು ಸುತ್ತ ನೆಟ್ಟು, ಸೂರಿನಿಂದ ಒಂದು ಮೊಳ ಮೇಲೆ ನೆಟ್ ಎಳೆದು ಕಟ್ಟಿದೆವು. ನಡುವೆ ಗಾಳಿ ಆಡಿತು. ಆ ದಿನ ಮಧ್ಯಾಹ್ನ ಮೊದಲ ಬಾರಿಗೆ ತಗಡಿನ ಮೇಲೆ ಅಂಗೈ ಇಟ್ಟು ಹಾಗೇ ಇಟ್ಟುಕೊಳ್ಳಬಹುದಾಯಿತು.

ಅಕ್ಕ ಒಳಗೆ ಮಲಗಿ ಎದ್ದು ಬಂದಳು. ವಾಂತಿ ಇಲ್ಲ. ಆದರೆ “ನಿದ್ದೆ ಬರ್ಲಿಲ್ಲ,” ಎಂದಳು. “ಬೆಳಕು ಕಣ್ಣಿಗ್ ಚುಚ್ಚುತೈತೆ. ನಿನ್ ನೆಟ್ಟು ಸಸಿಗಳಿಗೆ ಸರಿ. ನಂಗೆ ನಿಜವಾದ ನೆಳ್ಳು ಬೇಕು.”

ಹೀಗೆ ಸೋರೆಬಳ್ಳಿ ಬಂತು. ಕೊಟ್ಟಿಗೆಯ ಪಕ್ಕದಲ್ಲಿ ಅವಳ ಸೋರೆ ಚಪ್ಪರವಿತ್ತು, ಗಂಜಲದ ನೀರು ಕುಡಿದು ಸೊಕ್ಕಿದ ಬಳ್ಳಿ. ಗಾಡಿಯನ್ನು ಅದರ ಪಕ್ಕಕ್ಕೆ ತಳ್ಳಿಸಿದಳು. ನೆಟ್ಟು, ಕಡ್ಡಿ ತೆಗೆಸಿದಳು. ಚಪ್ಪರದಿಂದ ಗಾಡಿಯ ಸೂರಿಗೆ ತೆಂಗಿನ ಹಗ್ಗ ಕಟ್ಟಿ, ಬಳ್ಳಿಯ ಕುಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಅದರ ಮೇಲೆ ಹತ್ತಿಸಿದಳು. ನೋಡುನೋಡುತ್ತ ಬಳ್ಳಿ ಗಾಡಿಯನ್ನು ಹಿಡಿಯಿತು. ಕಿಟಕಿಯ ಸರಳಿಗೆ ಸುತ್ತಿತು, ಕಿಂಡಿಯ ಮುಚ್ಚಳಕ್ಕೆ ಸುತ್ತಿತು, ಜೀಪಿಗೆ ಸಿಕ್ಕಿಸುವ ಕೊಕ್ಕೆಗೂ ಸುತ್ತಿತು. ನಾನು ಬಂಗಾರಪೇಟೆಯಿಂದ ಬರುವ ಪ್ರತಿ ಸಲವೂ ಒಂದಿಷ್ಟು ಬಿಳಿ ತಗಡು ಮಾಯವಾಗಿರುತ್ತಿತ್ತು. ಒಂದು ದಿನ ಬಂದಾಗ ಹಸುವನ್ನೂ ಆ ಕೊಕ್ಕೆಗೇ ಕಟ್ಟಿದ್ದಳು.

“ಅದ್ಕೂ ನೆಳ್ಳು ಬೇಕಲ್ಲ,” ಎಂದಳು.

ಒಳಗೆ ತಂಪಾಗಿತ್ತು, ಸುಳ್ಳು ಹೇಳಬಾರದು. ಹಸಿರು ಬೆಳಕು, ಎಲೆಗಳ ಒದ್ದೆ ವಾಸನೆ, ಮೇಲಿನ ಕಿಂಡಿಯಲ್ಲಿ ಒಂದು ಬಿಳಿ ಹೂವು. ನಾನೇ ಒಮ್ಮೆ ಅಲ್ಲಿ ಮಲಗಿ ಎದ್ದಾಗ ಸಂಜೆಯಾಗಿತ್ತು. ಅಕ್ಕ ದಿನಾ ಮಧ್ಯಾಹ್ನ ಹೋಗಿ ಮಲಗುತ್ತಿದ್ದಳು. ಹೊರಗೆ ಕೂತು ನಾನು ಅವಳ ಗೊರಕೆ ಕೇಳುತ್ತಿದ್ದೆ. ಎದ್ದು ಬಂದವಳನ್ನು ಕೇಳಿದರೆ:

“ನಿದ್ದೆ ಎಲ್ ಬಂತು, ಸುಮ್ಕೆ ಕಣ್ ಮುಚ್ಕಂಡಿದ್ದೆ.”

“ಗೊರಕೆ ಹೊಡೀತಿದ್ದೆ.”

“ಅಸು ಇರ್ಬೇಕು.”

ನಗು ಬರುತ್ತಿತ್ತು, ಆಮೇಲೆ ನಗು ಬರುವುದು ನಿಂತಿತು. ಹಸುವಿನ ಹೊಟ್ಟೆ ದಿನದಿನಕ್ಕೆ ಕೆಳಗೆ ಇಳಿಯುತ್ತಿತ್ತು. ಪ್ರತಿ ವಾರ ಬಂಗಾರಪೇಟೆಯಿಂದ ಬಂದು, ತಂಪು ಗಾಡಿಯ ಪಕ್ಕ ಬಿಸಿಲಲ್ಲಿ ಕೂತು, ಅಕ್ಕನ ಗೊರಕೆ ಕೇಳಿ, ಸಂಜೆ ವಾಪಸು ಜೀಪು ಓಡಿಸಿಕೊಂಡು ಹೋಗುವುದು. ರೈಲಿನ ದಿನಗಳ ಸುಸ್ತು ಬೇರೆ ರೂಪದಲ್ಲಿ ಮರಳಿ ಬಂದಿತ್ತು. ಒಂದು ಸಂಜೆ ಕೇಳಿಯೇಬಿಟ್ಟೆ.

“ಸಮುದ್ರಕ್ಕೆ ಯಾವತ್ತು ಹೊರಡೋಣ?”

“ಬಳ್ಳಿ ಎಂಗೆ ಕುಯ್ಯಾದು? ಎಳೆ ಕಾಯಿ ಬಿಟ್ಟೈತೆ.”

“ಅದು ಮುಗಿಯೋಷ್ಟರಲ್ಲಿ ಕರು ಬಂದಿರುತ್ತೆ.”

“ಬಂದ್ರೆ ಬತ್ತದೆ.”

“ನಿಂಗೆ ಬರೋಕೆ ಇಷ್ಟ ಇಲ್ಲ ಅಂತ ಬಾಯಿಬಿಟ್ಟು ಹೇಳು. ಬಳ್ಳಿ ಅಡ್ಡ ಇಡಬೇಡ.”

ಅವಳು ಹಸುವಿನ ಬೆನ್ನ ಮೇಲಿದ್ದ ಒದ್ದೆ ಗೋಣಿಚೀಲವನ್ನು ತಿರುವಿಹಾಕಿದಳು. ಆ ರಾತ್ರಿ ಅಲ್ಲೇ ಉಳಿದೆ, ಜೀಪು ಓಡಿಸುವ ಶಕ್ತಿಯೂ ಇರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಹಸು ಕೊಟ್ಟಿಗೆಯಲ್ಲಿತ್ತು. ಅಕ್ಕ ಕುಡುಗೋಲು ಹಿಡಿದು ಗಾಡಿಯ ಪಕ್ಕ ನಿಂತಿದ್ದಳು. ಬಳ್ಳಿಯನ್ನು ಬುಡದಲ್ಲಿ ಕೊಯ್ದಿದ್ದಳು. ಆದರೆ ಸೂರಿನಿಂದ ತೆಗೆದಿರಲಿಲ್ಲ. ಎಲೆ, ಹೂವು, ಕಾಯಿ ಸಮೇತ ಹಾಗೇ ಬಿಟ್ಟು ಮೇಲಿಂದ ಹಗ್ಗ ಬಿಗಿದು, ಬಿಂದಿಗೆಯಲ್ಲಿ ನೀರು ಚಿಮುಕಿಸುತ್ತಿದ್ದಳು.

“ಇದೇನಕ್ಕ?”

“ಅಂಗೇ ಇರ್ಲಿ. ಸಂಜೆಗಂಟ ತಂಪಿರ್ತದೆ. ಸೊಪ್ಪಿನ ಮೂಟೆ ಪ್ಯಾಟೆಗೆ ಓಗಲ್ವಾ, ನೀರ್ ಚಿಮುಕ್ಸಿದ್ರೆ ಒಣಗ್ತದಾ?”

ಸೊಪ್ಪಿನ ಮೂಟೆ ಪೇಟೆಗೆ ಹೋಗುವುದು ನಸುಕಿನಲ್ಲಿ, ಬಿಸಿಲು ಏರುವ ಮುಂಚೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಆ ಬೆಳಿಗ್ಗೆ ಇಬ್ಬರಿಗೂ ಅದು ಹೊಳೆಯಲಿಲ್ಲ. ಅಥವಾ ನನಗೆ ಹೊಳೆದಿತ್ತು, ಎಲ್ಲಿ ಮನಸ್ಸು ಬದಲಿಸುತ್ತಾಳೋ ಎಂದು ಬಾಯಿ ಮುಚ್ಚಿಕೊಂಡೆ. ಯಾವುದು ಎಂದು ಈಗ ಹೇಳಲಾರೆ. ನೆಟ್ಟನ್ನೂ ಕಡ್ಡಿಗಳನ್ನೂ ಮಾತ್ರ ಜೀಪಿನ ಮೇಲೆ ಕಟ್ಟಿಕೊಂಡೆ.

ಅಕ್ಕ ಭಾವನಿಗೆ ಹಸುವಿನ ಮೇವು, ನೀರು, ಹಿಂಡಿ ಎಲ್ಲ ಹೇಳಿ, ಮತ್ತೆ ಮೊದಲಿನಿಂದ ಹೇಳಿ, ಜೀಪಿನಲ್ಲಿ ನನ್ನ ಪಕ್ಕ ಕೂತಳು. ಹಳ್ಳಿಯ ಹುಡುಗರು ಕಿರುಚುತ್ತ ಹಿಂದೆ ಓಡಿಬಂದರು. ಬಂಗಾರಪೇಟೆ ದಾಟಿ ಉರಿಗಾಂಗೆ ಬಂದಾಗ ವೆಲ್ಡರ್ ಅಂಗಡಿಯ ಮುಂದೆ ಟೀ ಕುಡಿಯುತ್ತ ನಿಂತಿದ್ದ. ಲೋಟ ಕೈಯಲ್ಲೇ ಹಿಡಿದು ರಸ್ತೆಗೆ ಇಳಿದುಬಂದ.

“ಅಯ್ಯೋ ಎನ್ನಮ್ಮಾ ಇದು! ನಾನು ಮಾಡ್ಕೊಟ್ಟ ಗಾಡಿನಾ, ಕಲ್ಯಾಣ ಮಂಟಪಾನಾ?”

“ನಿನ್ ತಗಡು ಕಾದ್ರೆ ನಾವೇನ್ ಮಾಡಾನ?” ಎಂದಳು ಅಕ್ಕ ಕಿಟಕಿಯಿಂದ. “ಒಂದ್ ಸೋರೆಕಾಯಿ ಬೇಕಾದ್ರೆ ಕಿತ್ಕೊ.”

ಅವನು ನಿಜವಾಗಿಯೂ ಒಂದು ಕಿತ್ತುಕೊಂಡ.

ಗಣಿಯ ಪುಡಿಮಣ್ಣು ಗುಡ್ಡೆಬಿದ್ದ ಸೈನೈಡ್ ದಿಬ್ಬಗಳು ಬೆಳ್ಳಗೆ ಬಿಸಿಲು ಉಗುಳುತ್ತಿದ್ದವು. ಬೇತಮಂಗಲ ದಾಟುವಷ್ಟರಲ್ಲಿ ಕನ್ನಡಿಯಲ್ಲಿ ಕಾಣುತ್ತಿದ್ದ ಎಲೆಗಳು ಜೋತುಬಿದ್ದಿದ್ದವು. ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗುವ ಹೊತ್ತಿಗೆ ಸುರುಟಿ, ಗಾಳಿಗೆ ಚೂರು ಚೂರಾಗಿ ರಸ್ತೆಗೆ ಉದುರುತ್ತಿದ್ದವು. ಜೀಪಿನ ರೇಡಿಯೇಟರ್ ಉಸಿರು ಕಟ್ಟತೊಡಗಿತು. ದಾರಿ ಬದಿಯ ಒಂದು ದೊಡ್ಡ ಹುಣಸೆ ಮರದ ಕೆಳಗೆ ನಿಲ್ಲಿಸಿದೆ. ಅಕ್ಕ ಇಳಿದು ಗಾಡಿಯ ಬಾಗಿಲು ತೆರೆದಳು, ಮುಖಕ್ಕೆ ಬಂದದ್ದು ಮೊದಲ ದಿನದ ಅದೇ ವಾಸನೆ, ಜೊತೆಗೆ ಬೆಂದ ಸೋರೆ ಎಲೆಯ ವಾಸನೆ.

ಬಾಗಿಲು ಹಾಕಿದಳು. ಮರದ ಬುಡದಲ್ಲಿ ಚಾಪೆ ಹಾಸಿಕೊಂಡು, ಕೈ ತಲೆದಿಂಬು ಮಾಡಿಕೊಂಡು, ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಮಲಗಿ ನಿದ್ದೆಹೋದಳು. ನಾನು ರೇಡಿಯೇಟರಿಗೆ ನೀರು ಹಾಕಿ ಕೂತೆ. ಕಣ್ಣು ಉರಿಯುತ್ತಿತ್ತು. ಇಷ್ಟು ದಿನ ಮಾಡಿದ ಕಿಂಡಿ, ಬಣ್ಣ, ಥರ್ಮಾಕೋಲ್ ಎಲ್ಲ ಯಾತಕ್ಕೆ ಬಂತು ಎಂದು ಯೋಚಿಸುವಷ್ಟು ತ್ರಾಣವೂ ಇರಲಿಲ್ಲ.

ಭಾವನ ಫೋನ್ ಬಂದದ್ದು ಆಗ. ಅಕ್ಕ ಎದ್ದು ಕೂತು ಸ್ಪೀಕರ್ ಒತ್ತಿದಳು, ಅವಳಿಗೆ ಫೋನು ಕಿವಿಗೆ ಇಟ್ಟರೆ ಕೇಳುವುದಿಲ್ಲ.

“ಕೆಚ್ಚಲು ಬಿಗ್ದೈತೆ,” ಎಂದ ಭಾವ. “ಬಾಲದ ಬುಡದಾಗೆ ಗುಳಿ ಬಿದ್ದೈತೆ. ಇವತ್ತು ರಾತ್ರಿನೇ ಅನ್ಸುತ್ತೆ. ಎಲ್ಲಿದ್ದೀರಾ? ವಾಪಸ್ ಬನ್ನಿ.”

ಲೆಕ್ಕಕ್ಕಿಂತ ಮುಂಚೆಯೇ. ನಾನು ಎದ್ದು ಸೀರೆಯ ಧೂಳು ಕೊಡವಿಕೊಂಡೆ. ಮುಗಿಯಿತು ಎಂದುಕೊಂಡೆ. ಬೇಸರವಾಗಬೇಕಿತ್ತು, ಆದದ್ದು ನಿರಾಳ. ಹಿಂದಕ್ಕೆ ಹೋಗಿ ನನ್ನ ಮನೆಯ ಹಾಸಿಗೆಯಲ್ಲಿ ಬಿದ್ದುಕೊಂಡರೆ ಸಾಕು ಎನಿಸುವಷ್ಟು ದಣಿದಿದ್ದೆ. ಜೀಪಿನ ಬೀಗದ ಕೈ ಹುಡುಕಿದೆ.

“ಮೇವು ತಿಂತಾ?” ಅಕ್ಕ ಕೇಳಿದಳು.

“ತಿಂತು.”

“ನೀರು?”

“ಕುಡೀತು. ನನ್ ಕಂಡ್ರೆ ಒದೆಯಾಕ್ ಬತ್ತದೆ ಕಣೆ.”

“ಒದೀಲಿ. ನಾನೂ ಒದುಸ್ಕಂಡೇ ಕಲ್ತಿದ್ದು.” ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. “ಕರು ಬಿದ್ಮೇಕೆ ಮೂಗು ಬಾಯಿ ಒರ್ಸು. ಗಿಣ್ಣಾಲು ಮೊದ್ಲು ಕರೂಗೆ ಕುಡ್ಸು. ಕಷ್ಟ ಅನ್ಸುದ್ರೆ ಡಾಕ್ಟ್ರಿಗೆ ಪೋನ್ ಮಾಡು, ನಂಗಲ್ಲ.”

“ನೀ ಬರಲ್ವಾ?”

ಒಂದು ಲಾರಿ ಹೋಯಿತು. ಲಾರಿ ಹೋಗುವವರೆಗೂ ಅವಳು ಕಾದಳೆಂದು ನನ್ನ ನೆನಪು ಹೇಳುತ್ತದೆ. ಅದು ನಾನೇ ಸೇರಿಸಿದ್ದೂ ಇರಬಹುದು. ಮಾತು ಮಾತ್ರ ಅವಳದೇ.

“ನಾ ಬರಲ್ಲ. ನೀನೇ ನೋಡ್ಕೊ.”

ಫೋನನ್ನು ನನ್ನ ಕೈಗೆ ಕೊಟ್ಟಳು. ಎದ್ದು ಹೋಗಿ ಗಾಡಿಯ ಮೇಲಿನ ಹಗ್ಗ ಬಿಚ್ಚಿ, ಒಣಗಿದ ಬಳ್ಳಿಯನ್ನು ಎರಡೂ ಕೈಯಲ್ಲಿ ಎಳೆದೆಳೆದು ಬೇಲಿಯಾಚೆ ಮೇಯುತ್ತಿದ್ದ ಮೇಕೆಗಳ ಕಡೆ ಎಸೆದಳು. ಬಾಡದೆ ಉಳಿದ ಸೋರೆಕಾಯಿಗಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಇಟ್ಟಳು. ಬಿಳಿ ಸೂರು ಬೋಳಾಗಿ ಹೊಳೆಯಿತು.

“ಬಿಸ್ಲು ಇಳಿಯಾಗಂಟ ಇಲ್ಲೇ ಕೂರಾನ,” ಎಂದಳು. “ಆಮೇಕೆ ಓಗಾನ.”

ಬಿಸಿಲು ಇಳಿದ ಮೇಲೆ ಹೊರಟೆವು. ದಾರಿಯಲ್ಲಿ ಒಂದು ಖಾಲಿ ಮೈದಾನ ಕಂಡಿತು, ಪಕ್ಕದ ಮನೆಯವರನ್ನು ಕೇಳಿ ಅಲ್ಲೇ ಗಾಡಿ ನಿಲ್ಲಿಸಿದೆವು. ತಗಡು ಆಗಲೇ ತಣ್ಣಗಾಗಿತ್ತು. ಬಾಗಿಲು, ಎರಡೂ ಕಿಂಡಿ ತೆರೆದಿಟ್ಟೆವು. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿ, “ಬೆಳಿಗ್ಗೆ ನನ್ ಎಬ್ಬುಸ್ಬೇಡ,” ಎಂದಳು.

ಅವಳ ದೇಹ ಎಬ್ಬಿಸಿಯೇ ಎಬ್ಬಿಸುತ್ತದೆ ಎಂದುಕೊಂಡಿದ್ದೆ. ನಸುಕಿನಲ್ಲಿ ಎದ್ದವಳು ನಾನು, ರೈಲಿನ ಹೊತ್ತಿಗೆ. ಅವಳು ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದಳು. ನನ್ನ ಕೈಯಲ್ಲಿದ್ದ ಅವಳ ಫೋನು ಸದ್ದಿಲ್ಲದೆ ಅದುರಿತು, ಭಾವ ಕಳಿಸಿದ ಫೋಟೋ: ಒದ್ದೆ ಒದ್ದೆ ಕರು, ಪಕ್ಕದಲ್ಲಿ ಕೊಟ್ಟಿಗೆಯ ಫ್ಯಾನು, ಮೂಲೆಯಲ್ಲಿ ಭಾವನದೇ ಒಂದು ಕಾಲು, ಪ್ಯಾಂಟಿನ ಮೇಲೆ ಗೊರಸಿನ ಗುರುತು. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಪೂರ್ವದಲ್ಲಿ ಆಗಲೇ ಕೆಂಪಾಗುತ್ತಿತ್ತು. ಮರ ಇರದ ಮೈದಾನ, ಸೂರ್ಯ ಬಂದ ಸ್ವಲ್ಪ ಹೊತ್ತಿಗೆ ತಗಡು ಕಾಯತೊಡಗುತ್ತದೆ, ಕಾದರೆ ಅವಳು ಏಳುತ್ತಾಳೆ. ಜೀಪಿನ ಮೇಲಿಂದ ನೀಲಗಿರಿ ಕಡ್ಡಿಗಳನ್ನು ಇಳಿಸಿದೆ. ಸದ್ದಾಗದಂತೆ ಕಲ್ಲಿಗೆ ಬಟ್ಟೆ ಸುತ್ತಿ ಒಂದೊಂದನ್ನೇ ನೆಲಕ್ಕೆ ಹೊಡೆದೆ. ತೋಳು ಎತ್ತಲು ಆಗುತ್ತಿರಲಿಲ್ಲ, ನೆಲ ಕಲ್ಲಿನಂತಿತ್ತು. ಸೂರಿನಿಂದ ಒಂದು ಮೊಳ ಮೇಲೆ ಹಸಿರು ನೆಟ್ ಎಳೆದು ಕಟ್ಟುತ್ತಿದ್ದಾಗ ಬಿಸಿಲು ಮೈದಾನಕ್ಕೆ ಬಂತು.

ಒಳಗಿನಿಂದ ಗೊರಕೆ ಕೇಳುತ್ತಿತ್ತು. ಹಸು ಇರಲಿಲ್ಲ.